ಶಿವಮೊಗ್ಗ ‘ಶಿವವೊಗ್ಗ’ವಾದ ಬಗೆ: ಮ್ಯಾಕ್ರೋಗಳ ವಲಸೆ ಮತ್ತು ಕನ್ನಡ ಪಠ್ಯಕೋಶಗಳ ನಿಯಮಕ್ರಮ

1. ಸಮಸ್ಯೆಯ ಸ್ವರೂಪ

ಯೂನಿಕೋಡಿಗೆ ಪರಿವರ್ತಿತವಾದ ಕನ್ನಡ ಪಠ್ಯಗಳೊಡನೆ ಕೆಲಸ ಮಾಡುವವರಿಗೆ ‘ಶಿವವೊಗ್ಗ’ ಎಂಬ ರೂಪ ಅಪರಿಚಿತವಲ್ಲ. ಅದರ ಒಡಹುಟ್ಟುಗಳಾದ ‘ವೊದಲು’, ‘ವೊಮ್ಮಗ’, ‘ವೋಡ’ಗಳೂ ಹಾಗೆಯೇ. ಇವುಗಳನ್ನು ಬೆರಳಚ್ಚಿನ ಕೈತಪ್ಪೆಂದು ಬದಿಗೆ ಸರಿಸುವುದು ವಾಡಿಕೆ. ಆದರೆ ಕೈತಪ್ಪಿಗೆ ಕ್ರಮವಿರುವುದಿಲ್ಲ, ಇಲ್ಲಿ ಕ್ರಮವಿದೆ. ಅದೇ ಪುಟದಲ್ಲಿ ‘ಮರ’, ‘ಮನೆ’, ‘ಮಾತು’, ‘ಮೆಲ್ಲಗೆ’ ಎಂಬ ಪದಗಳು ಸರಿಯಾಗಿಯೇ ಇರುತ್ತವೆ. ಮಕಾರಕ್ಕೆ ಒಕಾರ ಅಥವಾ ಓಕಾರ ಸೇರಿದಲ್ಲಿ ಮಾತ್ರ ವಕಾರ ಕಾಣಿಸಿಕೊಳ್ಳುತ್ತದೆ. ನಿಯತ ಪರಿಸರದಲ್ಲಿ ನಿಯತವಾಗಿ ನಡೆಯುವ ಬದಲಾವಣೆಯನ್ನು ಭಾಷಾವಿಜ್ಞಾನಿಗಳಾದ ನಾವು ತಪ್ಪೆಂದು ಕರೆಯುವ ಮೊದಲು ನಿಯಮವೆಂದು ಕರೆಯಬೇಕಾಗುತ್ತದೆ. ಆ ನಿಯಮ ಯಾರ ನಾಲಗೆಯ ಮೇಲೂ ಇಲ್ಲ. ಅದು ಇರುವುದು ಪರಿವರ್ತಕಗಳಲ್ಲಿ. ಅದರಲ್ಲೂ ಬಹುಕಾಲ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿದ ಕಚೇರಿ ತಂತ್ರಾಂಶಗಳ ಮ್ಯಾಕ್ರೋಗಳಲ್ಲಿ.

ಪ್ರಸ್ತುತ ಲೇಖನವು ಇಂತಹ ಒಂದು ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ ವರ್ಡ್‌ನಿಂದ ಲಿಬ್ರೆ ಆಫೀಸ್‌ಗೆ ವರ್ಗಾಯಿಸಿದ ನಮ್ಮ ಅನುಭವವನ್ನು ಆಧಾರವಾಗಿಟ್ಟುಕೊಂಡು, ಅದರ ಹಿಂದಿರುವ ಲಿಪಿಸಂಕೇತದ ಇತಿಹಾಸವನ್ನು ಪರಿಶೀಲಿಸುತ್ತದೆ. ನಮ್ಮ ವಾದ ಎರಡು ಹಂತದ್ದು. ಮೊದಲನೆಯದಾಗಿ, ಆಸ್ಕಿ ಫಾಂಟುಗಳ ಸಂಕೇತವು ಕನ್ನಡ ಅಕ್ಷರದ ಒಂದು ಸುಸಂಗತ ವಿಶ್ಲೇಷಣೆಯಾಗಿತ್ತು. ಯೂನಿಕೋಡಿನ ವಿಶ್ಲೇಷಣೆ ಅದಕ್ಕಿಂತ ಭಿನ್ನವಾದುದು. ಎರಡನೆಯದಾಗಿ, ಒಂದನ್ನು ಇನ್ನೊಂದಕ್ಕೆ ಹೊಂದಿಸಿದ ಮ್ಯಾಕ್ರೋವು ವಾಸ್ತವದಲ್ಲಿ ಕ್ರಮಬದ್ಧ ನಿಯಮಗಳ ಒಂದು ವ್ಯಾಕರಣ. ಆ ವ್ಯಾಕರಣವನ್ನು ದಾಖಲಿಸದೆ ಕಟ್ಟಿದ ಪಠ್ಯಕೋಶದಿಂದ ಧ್ವನಿಯ ಕುರಿತು ತೀರ್ಮಾನಕ್ಕೆ ಬರುವುದು ಅಪಾಯಕರ.

2. ಬೆರಳಚ್ಚು ಯಂತ್ರದ ಬಳುವಳಿ

ಶಿವಮೊಗ್ಗ ಮತ್ತು ಭದ್ರಾವತಿ ಕಡತಗಳ ಊರುಗಳು. ಶಿವಮೊಗ್ಗ ಜಿಲ್ಲಾಕೇಂದ್ರ, ಭದ್ರಾವತಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಮತ್ತು 1936ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಸ್‌ನ ಊರು. ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾಯಿತು. ಆಡಳಿತ, ಕೈಗಾರಿಕೆ, ಉನ್ನತ ಶಿಕ್ಷಣ ಈ ಮೂರೂ ಒಂದು ತಾಸಿನ ದಾರಿಯೊಳಗೆ ಇರುವ ಇಂತಹ ಪ್ರದೇಶದಲ್ಲಿ ಬೆರಳಚ್ಚು ಒಂದು ವೃತ್ತಿಯಾಗಿ ಬೆಳೆಯುವುದು ಸಹಜ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ನಂತರ ಕನ್ನಡ ಬೆರಳಚ್ಚಿನ ಅಗತ್ಯ ಹೆಚ್ಚಿತು. ಅದಕ್ಕೆ ಆಧಾರವಾಗಿ ದೊರೆತದ್ದು ಕೆ. ಅನಂತಸುಬ್ಬರಾವ್ ಅವರು ರೂಪಿಸಿದ ಕೀಲಿಮಣೆ.

ಬೆರಳಚ್ಚು ಯಂತ್ರದ ಮುಂದಿದ್ದ ಪ್ರಶ್ನೆ ಸರಳವೂ ಕಠಿಣವೂ ಆಗಿತ್ತು. ಗುಣಿತಾಕ್ಷರ, ಒತ್ತಕ್ಷರಗಳನ್ನು ಲೆಕ್ಕಕ್ಕೆ ಹಿಡಿದರೆ ಕನ್ನಡದ ಅಕ್ಷರರೂಪಗಳು ಸಾವಿರಗಳನ್ನು ದಾಟುತ್ತವೆ. ಯಂತ್ರದಲ್ಲಿ ಇರುವುದು ಕೆಲವೇ ಹತ್ತುಗಳ ಕೀಲಿಗಳು. ಆದುದರಿಂದ ಅಕ್ಷರವನ್ನು ಒಡೆಯಬೇಕಾಯಿತು. ಒಡೆದದ್ದು ಉಚ್ಚಾರಣೆಯ ಕೀಲಿನಲ್ಲಿ ಅಲ್ಲ, ಆಕಾರದ ಕೀಲಿನಲ್ಲಿ. ತಲೆಕಟ್ಟು ತೆಗೆದ ಬುಡ ಒಂದು ಕಡೆ, ತಲೆಕಟ್ಟು, ಕೊಂಬು, ಏತ್ವ, ದೀರ್ಘ, ಒತ್ತುಗಳು ಇನ್ನೊಂದು ಕಡೆ. ಕಾಗದದ ಮೇಲೆ ಎಡದಿಂದ ಬಲಕ್ಕೆ ಯಾವುದು ಮೊದಲು ಬೀಳಬೇಕೋ ಅದನ್ನೇ ಮೊದಲು ಒತ್ತಬೇಕು. ‘ಕರ್ನಾಟಕ’ ಎಂಬಲ್ಲಿ ರಕಾರ ನಕಾರಕ್ಕಿಂತ ಮೊದಲು ಉಚ್ಚಾರವಾದರೂ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ. ಬೆರಳಚ್ಚುಗಾರರ ಬೆರಳೂ ಅದೇ ಕ್ರಮದಲ್ಲಿ ಓಡುತ್ತಿತ್ತು.

ಗಣಕಗಳು ಬಂದಾಗ ಈ ವಿಶ್ಲೇಷಣೆ ಅಳಿಯಲಿಲ್ಲ, ಸ್ಥಳಾಂತರಗೊಂಡಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು. ಪರಿಷತ್ತಿನ ಶಿಷ್ಟತೆಯಂತೆ ಅಕ್ಷರದ ತುಣುಕುಗಳಿಗೆ ನೀಡಿದ ಸಂಖ್ಯೆಗಳು 255ರೊಳಗೇ ಇದ್ದವು. ಅಂದರೆ, ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಕೂರಿಸಲಾಯಿತು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಅದೇ ಪಠ್ಯ ಲ್ಯಾಟಿನ್ ಅಕ್ಷರಗಳ ಚೆಲ್ಲಾಪಿಲ್ಲಿ.

3. ಎರಡು ವಿಶ್ಲೇಷಣೆಗಳು

ನುಡಿಯ ಆಸ್ಕಿ ಸಂಕೇತದಲ್ಲಿ ನಮ್ಮ ಎರಡು ಊರುಗಳ ಹೆಸರುಗಳು ಹೀಗೆ ದಾಖಲಾಗುತ್ತವೆ. (ಇಲ್ಲಿಯೂ ಮುಂದೆಯೂ ಸಂಕೇತಗಳನ್ನು ದಶಮಾನ ಸಂಖ್ಯೆಗಳಲ್ಲಿ ಕೊಟ್ಟಿದ್ದೇವೆ, ಅಡ್ಡಗೆರೆಗಳು ಓದಿನ ಅನುಕೂಲಕ್ಕೆ.)

(1) ಶಿವಮೊಗ್ಗ: 178 – 170 192 – 170 201 198 – 85 192 206
(2) ಭದ್ರಾವತಿ: 168 115 192 – 122 193 230 – 170 192 – 119

ಯೂನಿಕೋಡಿನಲ್ಲಿ ಕನ್ನಡಕ್ಕೆ ದೊರೆತಿರುವುದು 3200ರಿಂದ 3327ರವರೆಗಿನ 128 ಮನೆಗಳು. ಅಲ್ಲಿ ಶಿವಮೊಗ್ಗ ಹೀಗಿದೆ:

(3) ಶಿವಮೊಗ್ಗ: 3254 3263 – 3253 – 3246 3274 – 3223 3277 3223

(1) ಮತ್ತು (3)ನ್ನು ಹೋಲಿಸಿದರೆ ವಿಶ್ಲೇಷಣೆಗಳ ಭೇದ ಸ್ಪಷ್ಟವಾಗುತ್ತದೆ. ಯೂನಿಕೋಡಿನಲ್ಲಿ ವ್ಯಂಜನಕ್ಕೆ ಅಕಾರ ಅಂತರ್ಗತ. ತಲೆಕಟ್ಟಿಗೆ ಸಂಖ್ಯೆಯೇ ಇಲ್ಲ. ಆಸ್ಕಿಯಲ್ಲಿ ತಲೆಕಟ್ಟು 192 ಎಂಬ ಪ್ರತ್ಯೇಕ ಘಟಕ. ಯೂನಿಕೋಡಿನಲ್ಲಿ ‘ಗ್ಗ’ ಎಂಬುದು ಗಕಾರ, ವಿರಾಮಚಿಹ್ನೆ, ಮತ್ತೆ ಗಕಾರ; ಆಸ್ಕಿಯಲ್ಲಿ ಅದು ಪೂರ್ಣ ಗಕಾರ ಮತ್ತು ಅದರ ಕೆಳಗೆ ಬೀಳುವ ಒತ್ತು, 206. ಯೂನಿಕೋಡಿನಲ್ಲಿ ಮಕಾರಕ್ಕೂ ವಕಾರಕ್ಕೂ ಯಾವ ನಂಟೂ ಇಲ್ಲ: ಒಂದು 3246, ಇನ್ನೊಂದು 3253. ಆಸ್ಕಿಯಲ್ಲಿ ಎರಡಕ್ಕೂ ಬುಡ ಒಂದೇ, 170. ‘ವ’ ಎಂದರೆ 170 192; ಅದಕ್ಕೆ 196 ಎಂಬ ಬಾಲ ಸೇರಿದರೆ ‘ಮ’. ಕುತೂಹಲದ ಸಂಗತಿಯೆಂದರೆ 196 ಬೇರೆ ವ್ಯಂಜನಗಳ ಮುಂದೆ ಉಕಾರದ ಕೊಂಬು. 80 192 ‘ಕ’ ಆದರೆ 80 192 196 ‘ಕು’. ಹಾಗಾದರೆ ‘ವು’ ಬರೆಯುವುದೆಂತು? ಅದಕ್ಕೆ ಬೇರೊಂದು ಕೊಂಬು, 197. ವಕಾರ ಮತ್ತು ಪಕಾರಗಳಿಗೆ ಕೊಂಬು ಹಚ್ಚುವ ರೀತಿಯೇ ಬೇರೆಯೆಂಬುದು ಕನ್ನಡ ಬರೆಯಲು ಕಲಿತ ಪ್ರತಿ ಮಗುವಿಗೂ ಗೊತ್ತು; ಸಂಕೇತ ಆ ಕೈಬರಹದ ತಿಳಿವಳಿಕೆಯನ್ನೇ ಹಿಡಿದಿಟ್ಟಿತು.

(2)ರಲ್ಲಿ ಇನ್ನೊಂದು ಸಂಗತಿ ಇದೆ. ‘ಭ’ ಎಂಬುದು ಬಕಾರದ ಬುಡ 168 ಮತ್ತು 115 ಎಂಬ ಕೆಳಗೀಟು. ಇದೇ 115 ‘ದ’ವನ್ನು ‘ಧ’ವಾಗಿಸುತ್ತದೆ, ‘ಡ’ವನ್ನು ‘ಢ’ವಾಗಿಸುತ್ತದೆ, ‘ಪ’ವನ್ನು ‘ಫ’ವಾಗಿಸುತ್ತದೆ. ಮಹಾಪ್ರಾಣವನ್ನು ಸ್ವತಂತ್ರ ಧ್ವನಿಮಾ ಎನ್ನದೆ ಅಲ್ಪಪ್ರಾಣಕ್ಕೆ ಸೇರುವ ಲಕ್ಷಣವೆಂದು ಪರಿಗಣಿಸುವ ಧ್ವನಿಮಾಶಾಸ್ತ್ರದ ನೋಟಕ್ಕೆ ಇದು ಸಮೀಪವಾದುದು. ಯೂನಿಕೋಡು, ತನ್ನ ಪೂರ್ವಜನಾದ ಇಸ್ಕಿಯಂತೆ, ಪ್ರತಿ ಮಹಾಪ್ರಾಣಕ್ಕೂ ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಆದುದರಿಂದ ಆಸ್ಕಿಯನ್ನು ಬರಿಯ ಚಿತ್ರಸಂಕೇತವೆಂದೂ ಯೂನಿಕೋಡನ್ನು ಭಾಷಿಕ ಸಂಕೇತವೆಂದೂ ವಿಂಗಡಿಸುವ ರೂಢಿಯ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಆಕಾರದ ವಿಶ್ಲೇಷಣೆಯಲ್ಲಿಯೂ ಭಾಷೆಯ ಕುರಿತ ಅರಿವು ಅಲ್ಲಲ್ಲಿ ಉಳಿದಿತ್ತು.

ಇಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ನುಡಿಯಲ್ಲಿ ಬಹುಪಾಲು ಜನ ಬಳಸಿದ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ವ್ಯಂಜನ, ಸೇರಿಸುವ ಕೀಲಿ, ಇನ್ನೊಂದು ವ್ಯಂಜನ, ಸ್ವರ. ‘ಕರ್ನಾಟಕ’ ಬರೆಯುವಾಗ ರಕಾರವನ್ನು ನಕಾರಕ್ಕಿಂತ ಮೊದಲೇ ಒತ್ತಬೇಕು. ತಂತ್ರಾಂಶ ಆ ಕ್ರಮವನ್ನು ಗ್ರಹಿಸಿ, ಕಡತದಲ್ಲಿ ಉಳಿಸುವಾಗ ಮಾತ್ರ ಆಕಾರದ ಕ್ರಮಕ್ಕೆ ತಿರುಗಿಸುತ್ತಿತ್ತು:

(4) ಕರ್ನಾಟಕ: 80 192 – 163 193 240 – 108 – 80 192

ಇಲ್ಲಿ 240 ಅರ್ಕಾವತ್ತು. ಅದು ‘ನಾ’ದ ಬೆನ್ನಿಗಿದೆ. ಅಂದರೆ ಧ್ವನಿಕ್ರಮದ ಮಾಹಿತಿ ಬೆರಳಿನ ಹಂತದಲ್ಲಿ ಇತ್ತು, ಕಡತದ ಹಂತದಲ್ಲಿ ಕಳೆಯಿತು. ಮುಂದೆ ಬಂದ ಪರಿವರ್ತಕಗಳು ಮಾಡಿದ್ದು, ಬರೆದವರ ಬೆರಳಿಗೆ ಗೊತ್ತಿದ್ದುದನ್ನು ಕಾಗದದ ಆಕಾರದಿಂದ ಮರಳಿ ಊಹಿಸುವ ಕೆಲಸ. ಇದು ಪುನಾರಚನೆಯೇ, ಪುನಾರಚನೆಯ ಎಲ್ಲ ಅಪಾಯಗಳೂ ಇದಕ್ಕಿವೆ.

4. ಮ್ಯಾಕ್ರೋ ಎಂಬ ವ್ಯಾಕರಣ

2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಕನ್ನಡ ಯೂನಿಕೋಡಿಗೆ ಗಣಕದಲ್ಲೇ ನೆಲೆ ದೊರೆಯಿತು. ಅದರೊಡನೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಆದರೆ ಶಿವಮೊಗ್ಗವನ್ನು ಬಳಸಿ ಹರಿಯುವ ನದಿಯ ಹೆಸರಿನ ಫಾಂಟು ಬಂದ ಮಾತ್ರಕ್ಕೆ ಇಲ್ಲಿನ ಕಡತಗಳು ಯೂನಿಕೋಡಿಗೆ ಬರಲಿಲ್ಲ. ಪುಟವಿನ್ಯಾಸದ ತಂತ್ರಾಂಶಗಳು ಆಸ್ಕಿಯನ್ನೇ ಬೇಡುತ್ತಿದ್ದವು, ಮುದ್ರಣಾಲಯಗಳೂ ಹಾಗೆಯೇ. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡ ಅವರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಕೆಲಸವೂ, ಯೂನಿಕೋಡನ್ನು ಆಡಳಿತದ ಶಿಷ್ಟತೆಯಾಗಿ ಸರ್ಕಾರ ಒಪ್ಪಿಕೊಂಡದ್ದೂ ಸ್ಥಿತಿಯನ್ನು ಬದಲಾಯಿಸತೊಡಗಿದವು. ಆದರೂ ಹಳೆಯ ಕಡತಗಳು ಉಳಿದಿದ್ದವು. ಅವುಗಳನ್ನು ದಾಟಿಸಲು ಡಿ.ಟಿ.ಪಿ. ಅಂಗಡಿಗಳಲ್ಲಿಯೂ ವಿಭಾಗಗಳಲ್ಲಿಯೂ ಹುಟ್ಟಿಕೊಂಡ ಸಾಧನವೇ ವರ್ಡ್‌ನ ಮ್ಯಾಕ್ರೋ. 1997ರ ಆವೃತ್ತಿಯಿಂದ ವರ್ಡ್‌ಗೆ ವಿಷುವಲ್ ಬೇಸಿಕ್ ದೊರೆತಿದ್ದುದರಿಂದ, ‘ಹುಡುಕು–ಬದಲಿಸು’ ಎಂಬ ಒಂದೇ ಆಜ್ಞೆಯನ್ನು ನೂರಾರು ಸಾಲುಗಳಲ್ಲಿ ಪೋಣಿಸುವುದು ಕಾರ್ಯಕ್ರಮ ರಚನೆ ತಿಳಿಯದವರಿಗೂ ಸಾಧ್ಯವಾಯಿತು.

ಇಂತಹ ಮ್ಯಾಕ್ರೋದ ಪ್ರತಿ ಸಾಲೂ ‘ಕ ಎಂಬುದನ್ನು ಖ ಎಂದು ಬರೆ’ ಎನ್ನುವ ಪುನರ್ಲೇಖನ ನಿಯಮ. ಒಂದು ನಿಯಮ ಇಡೀ ದಾಖಲೆಯ ಮೇಲೆ ಓಡಿ ಮುಗಿದ ನಂತರವೇ ಮುಂದಿನದು ಆರಂಭವಾಗುತ್ತದೆ. 1968ರಲ್ಲಿ ಚಾಮ್ಸ್ಕಿ ಮತ್ತು ಹಾಲೆ ಇಂಗ್ಲಿಷಿನ ಧ್ವನಿವ್ಯವಸ್ಥೆಗೆ ಕೊಟ್ಟ ವಿವರಣೆಯ ಸ್ವರೂಪ ಇದೇ. ಅಲ್ಲಿನಂತೆ ಇಲ್ಲಿಯೂ ನಿಯಮಗಳಷ್ಟೇ ಅಲ್ಲ, ಅವುಗಳ ಕ್ರಮವೂ ವ್ಯಾಕರಣದ ಭಾಗ. 170 192ನ್ನು ‘ವ’ ಎಂದು ಬದಲಿಸುವ ಸಾಲು 170 192 196ನ್ನು ‘ಮ’ ಎಂದು ಬದಲಿಸುವ ಸಾಲಿಗಿಂತ ಮೊದಲು ಬಂದರೆ, ಎರಡನೆಯದಕ್ಕೆ ಕೆಲಸವೇ ಉಳಿಯುವುದಿಲ್ಲ. ಮಿಕ್ಕ 196 ಕೊಂಬಾಗುತ್ತದೆ, ‘ಮರ’ವು ‘ವುರ’ವಾಗುತ್ತದೆ. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಬಲವತ್ತರವಾಗಬೇಕೆಂಬ, ಉತ್ಸರ್ಗ–ಅಪವಾದಗಳ ಹೆಸರಿನಲ್ಲಿ ಪಾಣಿನೀಯ ಪರಂಪರೆ ಬಲ್ಲ, 1973ರಲ್ಲಿ ಕಿಪಾರ್‌ಸ್ಕಿ ಆಧುನಿಕ ಧ್ವನಿಮಾಶಾಸ್ತ್ರದಲ್ಲಿ ಪ್ರತಿಪಾದಿಸಿದ ತತ್ತ್ವ ಇಲ್ಲಿ ಯಂತ್ರದ ನಿಷ್ಠುರತೆಯಿಂದ ಜಾರಿಯಲ್ಲಿದೆ.

ನಮಗೆ ದೊರೆತ ಮ್ಯಾಕ್ರೋ ಶಿವಮೊಗ್ಗ ನಗರದ ಒಂದು ಡಿ.ಟಿ.ಪಿ. ಅಂಗಡಿಯದು. ಭದ್ರಾವತಿ ಸುತ್ತಮುತ್ತಲಿನ ಮಾತಿನ ಹಳೆಯ ಲಿಪ್ಯಂತರಣಗಳನ್ನು ಪಠ್ಯಕೋಶಕ್ಕೆ ಸೇರಿಸುವ ಕೆಲಸದಲ್ಲಿ ನಾವು ಅದನ್ನು ಪಡೆದೆವು. ಬರೆದವರು ವೃತ್ತಿ ಬಿಟ್ಟಿದ್ದರು. ವಿವರಣೆಯ ಒಂದು ಸಾಲೂ ಅದರಲ್ಲಿರಲಿಲ್ಲ. ನಿಯಮಗಳನ್ನು ವರ್ಣಮಾಲೆಯ ಕ್ರಮದಲ್ಲಿ, ಪ್ರತಿ ವ್ಯಂಜನಕ್ಕೂ ಕಾಗುಣಿತದ ಕ್ರಮದಲ್ಲಿ ಜೋಡಿಸಲಾಗಿತ್ತು. ಮಗ್ಗಿ ಬರೆದಂತೆ ಕಾಣುವ ಈ ಜೋಡಣೆ ನಮಗೆ ಮೊದಲು ನಿಷ್ಪ್ರಯೋಜಕವೆನಿಸಿತ್ತು. ವಾಸ್ತವದಲ್ಲಿ ಮ್ಯಾಕ್ರೋ ಸರಿಯಾಗಿ ನಡೆಯುತ್ತಿದ್ದುದು ಅದರಿಂದಲೇ. ವರ್ಣಮಾಲೆಯಲ್ಲಿ ಮಕಾರ ವಕಾರಕ್ಕಿಂತ ಮೊದಲು ಬರುತ್ತದೆ. ಮಕಾರದ ಇಡೀ ಗುಣಿತ ಮುಗಿದ ನಂತರವೇ ವಕಾರದ ಸರದಿ. ‘ಝ’ ಎಂಬುದು ರಕಾರದ ಬುಡದ ಮೇಲೆ ಕಟ್ಟಿದ 103 192 104 196. ಅದೂ ವರ್ಣಮಾಲೆಯಲ್ಲಿ ರಕಾರಕ್ಕಿಂತ ಮುಂದಿದೆ. ಅವಲಂಬಿತ ಆಕಾರಗಳು ಮೂಲ ಆಕಾರಗಳಿಗಿಂತ ಮೊದಲು ಬರುವುದು ಆಕಸ್ಮಿಕವಾದರೂ ಫಲ ಮಾತ್ರ ನಿಖರ.

ಈ ಕ್ರಮಕ್ಕೆ ಒಂದೇ ಒಂದು ಭಂಗವಿತ್ತು. ಸ್ವರಗಳ ಬೆನ್ನಿಗೇ ಬರಬೇಕಾದ ಅನುಸ್ವಾರದ ನಿಯಮ ಪಟ್ಟಿಯ ಕೊನೆಯಲ್ಲಿತ್ತು. ಕಾರಣ ಸಂಕೇತದಲ್ಲಿದೆ. ಅನುಸ್ವಾರ 65, ‘ಯ’ ಎಂಬುದು 65 105 192 196. ಯಕಾರದ ಮೊದಲ ಸುರುಳಿಗೂ ಅನುಸ್ವಾರದ ಸೊನ್ನೆಗೂ ಒಂದೇ ಸಂಖ್ಯೆ.

(5) ಸಂಯಮ: 184 192 – 65 – 65 105 192 196 – 170 192 196

ಅನುಸ್ವಾರದ ನಿಯಮ ಮೊದಲು ಓಡಿದರೆ ಇಲ್ಲಿನ ಎರಡೂ 65ಗಳು ಸೊನ್ನೆಗಳಾಗಿ ಯಕಾರ ಒಡೆದುಹೋಗುತ್ತದೆ. ಮ್ಯಾಕ್ರೋ ಬರೆದವರು ಈ ಒಡಕನ್ನು ಎಂದೋ ಕಂಡು, ಆ ಒಂದು ಸಾಲನ್ನು ಕಿತ್ತು ಕೊನೆಗೆ ಇಟ್ಟಿರಬೇಕು. ಹಸ್ತಪ್ರತಿಯಲ್ಲಿ ಲಿಪಿಕಾರನ ತಿದ್ದುಪಡಿ ಅವನ ಓದನ್ನು ತೋರಿಸುವಂತೆ, ಸ್ಥಳ ಬದಲಿಸಿದ ಈ ಸಾಲು ಹೆಸರಿಲ್ಲದ ಒಬ್ಬ ವ್ಯಾಕರಣಕಾರರ ಗ್ರಹಿಕೆಯನ್ನು ತೋರಿಸುತ್ತದೆ.

5. ವಲಸೆಯಲ್ಲಿ ಆದದ್ದು

ಸನ್ ಸಂಸ್ಥೆ 1999ರಲ್ಲಿ ಸ್ಟಾರ್ ಆಫೀಸನ್ನು ಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಮುಕ್ತಗೊಳಿಸಿತು. 2002ರಲ್ಲಿ ಓಪನ್ ಆಫೀಸ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಸನ್ ಸಂಸ್ಥೆ 2010ರಲ್ಲಿ ಒರಾಕಲ್‌ನ ಕೈಸೇರಿದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಭಿವರ್ಧಕರ ಸಮುದಾಯ ಕವಲೊಡೆದು ಲಿಬ್ರೆ ಆಫೀಸನ್ನು ಘೋಷಿಸಿತು. ಪರವಾನಗಿಯ ವೆಚ್ಚವಿಲ್ಲದ, ಕಡತದ ಸ್ವರೂಪ ಬಹಿರಂಗವಾಗಿರುವ ತಂತ್ರಾಂಶ ಪಠ್ಯಕೋಶದಂತಹ ದೀರ್ಘಕಾಲದ ಕೆಲಸಕ್ಕೆ ಹೆಚ್ಚು ಸೂಕ್ತವೆಂಬ ಕಾರಣಕ್ಕೆ ನಾವು ಅದನ್ನು ಆಯ್ದುಕೊಂಡೆವು. ವರ್ಡ್‌ನ ಮ್ಯಾಕ್ರೋ ಅಲ್ಲಿ ಹಾಗೆಯೇ ನಡೆಯಬಹುದೆಂದು ನಿರೀಕ್ಷಿಸಿದ್ದೂ ಉಂಟು. ಲಿಬ್ರೆ ಆಫೀಸ್‌ನ ಬೇಸಿಕ್‌ನಲ್ಲಿ ಮೈಕ್ರೋಸಾಫ್ಟ್‌ನ ವಿಷುವಲ್ ಬೇಸಿಕ್ಕಿಗೆ ಬೆಂಬಲ ಕೇಳುವ ಆಜ್ಞೆ ಇದೆ. ಆದರೆ ಆ ಬೆಂಬಲ ಎಕ್ಸೆಲ್‌ಗೆ ಲಭಿಸಿದಷ್ಟು ವರ್ಡ್‌ಗೆ ಲಭಿಸಿಲ್ಲ. ಎರಡೂ ಬೇಸಿಕ್‌ಗಳ ವಾಕ್ಯರಚನೆ ಒಂದೇ. ದಾಖಲೆ, ಆಯ್ಕೆ, ಹುಡುಕಾಟ ಎಂಬ ವಸ್ತುಗಳ ಹೆಸರುಗಳೂ ನಡತೆಯೂ ಬೇರೆ. ವ್ಯಾಕರಣ ಒಂದೇ ಆಗಿ ಪದಕೋಶ ಬೇರೆಯಾದ ಎರಡು ಭಾಷೆಗಳಂತೆ.

ಆದುದರಿಂದ ನಿಯಮಗಳನ್ನು ಮಾತ್ರ ಬಿಡಿಸಿಕೊಂಡು ಹೊಸದಾಗಿ ಬರೆಯುವುದು ಅನಿವಾರ್ಯವಾಯಿತು. ಈ ಹಂತದಲ್ಲಿ ನಾವೇ ಒಂದು ತಪ್ಪು ಮಾಡಿದೆವು. ನಿಯಮಗಳನ್ನು ಕೋಷ್ಟಕಕ್ಕೆ ಇಳಿಸಿ, ಹುಡುಕಲು ಅನುಕೂಲವಾಗಲೆಂದು ಸಂಕೇತಸಂಖ್ಯೆಯ ಏರಿಕೆಯ ಕ್ರಮದಲ್ಲಿ ವಿಂಗಡಿಸಿದೆವು. ಆ ವಿಂಗಡಣೆಯಲ್ಲಿ 170 192 ಎಂಬುದು 170 192 196ಕ್ಕಿಂತ ಮೇಲೆ ಬರುತ್ತದೆ. ಗಿಡ್ಡದು ಮೊದಲು, ಉದ್ದದ್ದು ಆಮೇಲೆ. ‘ಮರ’ಗಳೆಲ್ಲ ‘ವುರ’ಗಳಾದದ್ದು ಮೊದಲ ಪುಟದಲ್ಲೇ ಕಂಡಿತು. ಮಕಾರದ ಹೆಚ್ಚು ಬಳಕೆಯ ನಿಯಮಗಳನ್ನು ಮೇಲಕ್ಕೆ ತಂದು ಕೆಲಸ ಮುಂದುವರಿಸಿದೆವು. ಮೇಲಕ್ಕೆ ತರಲು ಮರೆತದ್ದು 170 201 198, ಅಂದರೆ ‘ಮೊ’. ಅದಕ್ಕೆ ಮೊದಲೇ 170 201 ‘ವೆ’ ಆಯಿತು. ಏತ್ವದ ಮುಂದೆ ಉಳಿದ 198ನ್ನು ಒತ್ವವಾಗಿಸುವ ಸಾಮಾನ್ಯ ನಿಯಮ ತನ್ನ ಕೆಲಸ ತಾನು ಮಾಡಿತು; ‘ವೊ’ ಸಿದ್ಧವಾಯಿತು. ಮುಂದೆ ದೀರ್ಘಚಿಹ್ನೆ 195 ಇದ್ದರೆ ‘ವೋ’. ತಿಂಗಳುಗಳ ನಂತರ ಪಠ್ಯಕೋಶದಲ್ಲಿ ನಮ್ಮ ಊರಿನ ಹೆಸರನ್ನೇ ಹುಡುಕಿ, ಅದು ಸಿಗದೆ ಹೋದಾಗ ತಪ್ಪು ಹೊರಬಿತ್ತು. ಬೇರೆಡೆ ನೋಡಿ ನಕ್ಕಿದ್ದ ‘ಶಿವವೊಗ್ಗ’ವನ್ನು ನಾವೇ ಉತ್ಪಾದಿಸಿದ್ದೆವು. ಇಂತಹ ರೂಪಗಳು ಉಳಿದುಕೊಳ್ಳುವ ಬಗೆಗೆ ಇದು ಸಾಕಷ್ಟು ವಿವರಣೆಯೆಂದು ನಾವು ಭಾವಿಸುತ್ತೇವೆ: ಪದೇ ಪದೇ ಬರುವ ತಪ್ಪು ತಿದ್ದಲ್ಪಡುತ್ತದೆ, ವಿರಳವಾದುದು ಬದುಕುತ್ತದೆ.

ಕ್ರಮದ ಹೊರತಾಗಿ ವಲಸೆಯಲ್ಲಿ ಎದುರಾದ ಇತರ ನಾಲ್ಕು ತೊಡಕುಗಳನ್ನು ಸಂಕ್ಷೇಪವಾಗಿ ದಾಖಲಿಸುತ್ತೇವೆ.

ಒಂದು, ದೊಡ್ಡಕ್ಷರ–ಚಿಕ್ಕಕ್ಷರಗಳ ಭೇದ. ಲ್ಯಾಟಿನ್ ಲಿಪಿಯಲ್ಲಿ 192 ಮತ್ತು 224 ಒಂದೇ ಅಕ್ಷರದ ಎರಡು ರೂಪಗಳು; 81 ಮತ್ತು 113 ಕೂಡ. ನುಡಿಯಲ್ಲಿ 192 ತಲೆಕಟ್ಟು, 224 ಪಕಾರದ ಒತ್ತು. 81 ‘ಕಿ’, 113 ಡಕಾರದ ಬುಡ. ಈ ಭೇದವನ್ನು ಪಾಲಿಸಬೇಕೆಂದು ಹುಡುಕಾಟಕ್ಕೆ ಹೇಳದಿದ್ದರೆ, ಒಂಟಿಯಾಗಿ ಉಳಿದ ತಲೆಕಟ್ಟುಗಳನ್ನು ಅಳಿಸುವ ಸಾಲು ಪಕಾರದ ಒತ್ತುಗಳನ್ನೂ ಅಳಿಸುತ್ತದೆ, ‘ಅಪ್ಪ’ ‘ಅಪ’ವಾಗುತ್ತಾನೆ.

ಎರಡು, ಸ್ಥಾನಪಲ್ಲಟದ ನಿಯಮಗಳು. ಅರ್ಕಾವತ್ತನ್ನು ಇಡೀ ಅಕ್ಷರದ ಹಿಂದಕ್ಕೆ, ಒತ್ತನ್ನು ಸ್ವರಚಿಹ್ನೆಯ ಹಿಂದಕ್ಕೆ ಸರಿಸಲು ವಿನ್ಯಾಸಾಧಾರಿತ ಹುಡುಕಾಟ ಬೇಕು. ವರ್ಡ್‌ನಲ್ಲಿ ಗುಂಪುಗಳನ್ನು ಹಿಂಗೀಟಿನಿಂದಲೂ ಲಿಬ್ರೆ ಆಫೀಸ್‌ನಲ್ಲಿ ಡಾಲರ್ ಚಿಹ್ನೆಯಿಂದಲೂ ಮರುಕರೆಯಬೇಕು. ಎರಡನೆಯದರಲ್ಲಿ ಪೂರ್ಣವಿರಾಮದ ಚುಕ್ಕೆ ಯಾವುದಾದರೊಂದು ಅಕ್ಷರ ಎಂಬ ಅರ್ಥ ಪಡೆಯುವುದರಿಂದ ಅಕ್ಷರಶಃ ಹುಡುಕಬೇಕಾದಲ್ಲಿ ಎಚ್ಚರ ಬೇಕು.

ಮೂರು, ಫಾಂಟು. ಒಂದೇ ವಾಕ್ಯದಲ್ಲಿ ಇಂಗ್ಲಿಷ್ ಪದವೂ ನುಡಿಯ ಕನ್ನಡವೂ ಇದ್ದರೆ ಎರಡನ್ನೂ ಬೇರ್ಪಡಿಸುವುದು ಫಾಂಟಿನ ಹೆಸರು ಮಾತ್ರ, ಸಂಖ್ಯೆಗಳು ಸಮಾನ. ಲಿಬ್ರೆ ಆಫೀಸ್ ಪಾಶ್ಚಾತ್ಯ, ಪೂರ್ವ ಏಷ್ಯಾದ ಮತ್ತು ಸಂಕೀರ್ಣ ಲಿಪಿಗಳಿಗೆ ಮೂರು ಬೇರೆ ಬೇರೆ ಫಾಂಟುಗಳನ್ನು ಇಟ್ಟುಕೊಳ್ಳುತ್ತದೆ. ಆಸ್ಕಿ ಕನ್ನಡ ಅದರ ಪಾಲಿಗೆ ಪಾಶ್ಚಾತ್ಯ ಲಿಪಿ. ಪರಿವರ್ತಿತ ಕನ್ನಡ ಸಂಕೀರ್ಣ ಲಿಪಿ. ಹುಡುಕುವುದು ಒಂದು ಮನೆಯಲ್ಲಿ, ಹೊಸ ಫಾಂಟು ಹೊಂದಿಸಬೇಕಾದದ್ದು ಇನ್ನೊಂದು ಮನೆಯಲ್ಲಿ.

ನಾಲ್ಕು, ಮ್ಯಾಕ್ರೋ ಬರೆಯುವ ಲಿಪಿ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಸಂಕೇತಪುಟ ಇಲ್ಲ. ವರ್ಡ್‌ನ ಮ್ಯಾಕ್ರೋ ಸಂಪಾದಕ ಅಂತಹ ಪುಟಗಳನ್ನೇ ನೆಚ್ಚಿಕೊಂಡಿದೆ. ಹಾಗಾಗಿ ಮೂಲ ಮ್ಯಾಕ್ರೋದಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ‘ಕ’ ಎಂಬಲ್ಲಿ 3221 ಎಂದಿತ್ತು. ಲಿಬ್ರೆ ಆಫೀಸ್‌ನಲ್ಲಿ ನಿಯಮಗಳನ್ನು ಕನ್ನಡದಲ್ಲೇ ಬರೆಯಲು ಸಾಧ್ಯವಾಯಿತು. ಇದರಿಂದ ಆದ ಲಾಭ ಸಣ್ಣದಲ್ಲ: ಗಣಕ ತಿಳಿಯದ ಸಂಶೋಧನಾರ್ಥಿಯೂ ಈಗ ನಿಯಮಗಳನ್ನು ಓದಿ ಪ್ರಶ್ನಿಸಬಲ್ಲರು.

6. ಪಠ್ಯಕೋಶದಲ್ಲಿ ಉಳಿಯುವ ನೆರಳು

ಇವೆಲ್ಲ ತಾಂತ್ರಿಕ ವಿವರಗಳೆಂದು ಬಿಡಲಾಗದ ಕಾರಣವನ್ನು ಮೂರು ನಿದರ್ಶನಗಳಲ್ಲಿ ಹೇಳಬಹುದು.

ಮೊದಲನೆಯದು ಪದಾದಿಯ ‘ವೊ’. ಶಿಷ್ಟ ಬರಹದಲ್ಲಿ ಅಪರೂಪವಾದ ಈ ರೂಪ ಆಡುಮಾತಿನ ಲಿಪ್ಯಂತರಣದಲ್ಲಿ ಅರ್ಥಪೂರ್ಣವಾದುದು. ‘ಒಂದು’, ‘ಒಳಗೆ’ ಎಂಬಂತಹ ಪದಗಳ ಆದಿಯಲ್ಲಿ ಕೇಳಿಬರುವ ವಕಾರಶ್ರುತಿಯನ್ನು ‘ವೊಂದು’, ‘ವೊಳಗೆ’ ಎಂದು ಗುರುತಿಸುವ ಪದ್ಧತಿ ಇದೆ. ಪಠ್ಯಕೋಶದಲ್ಲಿ ಪದಾದಿಯ ‘ವೊ’ಗಳನ್ನು ಎಣಿಸಿ ಶ್ರುತಿಯ ವ್ಯಾಪ್ತಿಯನ್ನು ಅಳೆಯುವವರ ಲೆಕ್ಕಕ್ಕೆ ‘ವೊದಲು’, ‘ವೊಮ್ಮಗ’ಗಳೂ ಸೇರುತ್ತವೆ. ಮಕಾರದ ಪದಗಳನ್ನು ಕಣ್ಣಿನಿಂದ ಬೇರ್ಪಡಿಸಬಹುದು. ಆದರೆ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿದಾಗ ಕಣ್ಣು ಅಲ್ಲಿ ಇರುವುದಿಲ್ಲ.

ಎರಡನೆಯದು ಮಹಾಪ್ರಾಣ. ಕಾರ್ಖಾನೆಗಳ ನಿಮಿತ್ತ ಹಲವು ಮನೆಮಾತಿನವರು ನೆಲೆಸಿದ ಭದ್ರಾವತಿಯ ಕನ್ನಡದಲ್ಲಿ ಮಹಾಪ್ರಾಣಗಳ ಗತಿಯೇನು ಎಂಬುದು ನ್ಯಾಯವಾದ ಸಂಶೋಧನ ಪ್ರಶ್ನೆ. ಪರಿವರ್ತನೆಯ ಕೊನೆಗೆ ಅಲ್ಲಲ್ಲಿ ಉಳಿದ ಲ್ಯಾಟಿನ್ ಅಕ್ಷರಗಳನ್ನು ಅಳಿಸುವ ‘ಶುದ್ಧೀಕರಣ’ದ ಸಾಲೊಂದು ಮ್ಯಾಕ್ರೋಗಳಲ್ಲಿ ಇರಬಹುದು. ಕೆಳಗೀಟು 115ಕ್ಕೆ ಯಾವುದೋ ಗುಣಿತದಲ್ಲಿ ನಿಯಮ ತಪ್ಪಿಹೋಗಿದ್ದರೆ ಆ ಸಾಲು ಅದನ್ನು ಗುಡಿಸಿಹಾಕುತ್ತದೆ. ಆಗ ‘ಭದ್ರಾವತಿ’ಯು ‘ಬದ್ರಾವತಿ’ಯಾಗುತ್ತದೆ, ಅದು ಆಡುಮಾತಿನ ಉಚ್ಚಾರಣೆಗೆ ಎಷ್ಟು ಹೊಂದುತ್ತದೆಂದರೆ, ತಪ್ಪೆಂದು ಯಾರಿಗೂ ತೋರುವುದಿಲ್ಲ. ಸಂಭಾವ್ಯವಾಗಿ ಕಾಣುವ ತಪ್ಪೇ ಎಲ್ಲಕ್ಕಿಂತ ಅಪಾಯಕಾರಿ.

ಮೂರನೆಯದು ರಕಾರ–ಯಕಾರಗಳ ಸಂಯುಕ್ತ. ‘ಕಾರ್ಯ’ದಲ್ಲಿ ಅರ್ಕಾವತ್ತು, ‘ರ‍್ಯಾಲಿ’, ‘ರ‍್ಯಾಂಕ್’ ಮುಂತಾದ ಎರವಲು ಪದಗಳಲ್ಲಿ ಪೂರ್ಣ ರಕಾರದ ಕೆಳಗೆ ಯಕಾರದ ಒತ್ತು. ಈ ಎರಡನೆಯ ಬರವಣಿಗೆ ಇಂಗ್ಲಿಷಿನಿಂದ ಬಂದ ಸ್ವರವೊಂದನ್ನು ಗುರುತಿಸಲು ಕನ್ನಡ ಮಾಡಿಕೊಂಡ ಏರ್ಪಾಡು. ಆಸ್ಕಿಯಲ್ಲಿ ಇವೆರಡೂ ತಾವಾಗಿಯೇ ಭಿನ್ನ: ಮೊದಲನೆಯದರಲ್ಲಿ 240, ಎರಡನೆಯದರಲ್ಲಿ 103 193 229. ಯೂನಿಕೋಡಿನಲ್ಲಿ ಭೇದ ಉಳಿಯಬೇಕಾದರೆ ರಕಾರದ ನಂತರ 8205 ಎಂಬ ಅಗೋಚರ ಜೋಡಕವನ್ನು ಸೇರಿಸಬೇಕು. ಮ್ಯಾಕ್ರೋ ಅದನ್ನು ಸೇರಿಸದಿದ್ದರೆ ಎರಡೂ ಒಂದಾಗುತ್ತವೆ. ಹಳೆಯ ಸಂಕೇತ ಕಾಪಾಡಿದ್ದ ಒಂದು ಭೇದವನ್ನು ಹೊಸದು ಕಳೆದುಕೊಳ್ಳುತ್ತದೆ.

7. ಉಪಸಂಹಾರ

ಆಸ್ಕಿಯಿಂದ ಯೂನಿಕೋಡಿಗೆ, ಒಂದು ಕಚೇರಿ ತಂತ್ರಾಂಶದಿಂದ ಇನ್ನೊಂದಕ್ಕೆ ಆದ ವಲಸೆಯನ್ನು ನಾವು ಸಾಗಣೆಯೆಂದು ಭಾವಿಸಿದೆವು, ಅದು ಅನುವಾದವಾಗಿತ್ತು. ಸಾಗಣೆಗೆ ರಸೀದಿ ಸಾಕು, ಅನುವಾದಕ್ಕೆ ಅನುವಾದಕರ ಟಿಪ್ಪಣಿ ಬೇಕು. ಈ ದೃಷ್ಟಿಯಿಂದ ನಾವು ಮೂರು ಪದ್ಧತಿಗಳನ್ನು ಸೂಚಿಸಬಯಸುತ್ತೇವೆ. ಪರಿವರ್ತಿತ ಪಠ್ಯದೊಡನೆ ಮೂಲ ಆಸ್ಕಿ ಕಡತವನ್ನೂ ಅದರ ಫಾಂಟಿನ ಹೆಸರನ್ನೂ ಉಳಿಸಬೇಕು. ಬಳಸಿದ ನಿಯಮಗಳ ಪಟ್ಟಿಯನ್ನು ಅವುಗಳ ಕ್ರಮಸಹಿತ ಪಠ್ಯಕೋಶದ ಭಾಗವಾಗಿ ಪ್ರಕಟಿಸಬೇಕು. ಎಡದಿಂದ ಬಲಕ್ಕೆ ಅತ್ಯುದ್ದದ ಹೊಂದಿಕೆಯನ್ನು ಆರಿಸುವ ಪರಿವರ್ತಕವನ್ನು ಬಳಸಿದ್ದರೆ ಹಾಗೆಂದು ಹೇಳಬೇಕು, ಏಕೆಂದರೆ ಅದು ಇನ್ನೊಂದೇ ಬಗೆಯ ವ್ಯಾಕರಣ. ಕೊನೆಯದಾಗಿ, ಪರಿವರ್ತನೆ ನಡೆಸುವ ಮುನ್ನ ಒಂದೊಂದು ನಿಯಮವನ್ನೂ ಕೆಣಕುವ ಪರೀಕ್ಷಾಪದಗಳ ಪಟ್ಟಿಯೊಂದನ್ನು ದಾಟಿಸಿ ನೋಡಬೇಕು. ನಮ್ಮ ಪಟ್ಟಿಯ ಮೊದಲ ಸಾಲು ಹೀಗಿದೆ: ಮರ, ಶಿವಮೊಗ್ಗ, ಭದ್ರಾವತಿ, ಕರ್ನಾಟಕ, ಸಂಯಮ, ಅಪ್ಪ, ಅಕ್ಕಿ, ಕಾರ್ಯ, ರ‍್ಯಾಲಿ.

ಆಸ್ಕಿ ಕಾಲದಲ್ಲಿ ಬರೆದ ಪ್ರಬಂಧಗಳು, ಕ್ಷೇತ್ರಕಾರ್ಯದ ಲಿಪ್ಯಂತರಣಗಳು, ಕಚೇರಿಯ ಪತ್ರಗಳು ಇನ್ನೂ ಅನೇಕರ ಬಳಿ ಉಳಿದಿವೆ. ಅವುಗಳೊಡನೆ, ಅವುಗಳನ್ನು ದಾಟಿಸಲು ಯಾರೋ ಬರೆದ ಮ್ಯಾಕ್ರೋಗಳೂ ಹಳೆಯ ಗಣಕಗಳಲ್ಲಿ ಇವೆ. ಗಣಕ ಕೆಟ್ಟಾಗ ಕಡತವನ್ನು ಉಳಿಸಿಕೊಂಡು ಮ್ಯಾಕ್ರೋವನ್ನು ಬಿಸಾಡುವುದು ರೂಢಿ. ಎರಡನ್ನೂ ಉಳಿಸಿಕೊಳ್ಳಿ ಎಂಬುದು ಈ ಲೇಖನದ ವಿನಂತಿ. ಕನ್ನಡದ ಬರವಣಿಗೆ ಎರಡು ವಿಶ್ಲೇಷಣೆಗಳ ನಡುವೆ ಹೇಗೆ ದಾಟಿತು ಎಂಬುದಕ್ಕೆ ಬೇರೆ ದಾಖಲೆಗಳು ನಮ್ಮಲ್ಲಿ ಹೆಚ್ಚಿಲ್ಲ.